ರಜೆಯ ಪಟ್ಟಿ ಮಾಡುವವರಿಗೆ, ತಿಂಗಳ ಕೊನೆಯ ರಾತ್ರಿ ಒಬ್ಬ ತಾಯಿ ಬರೆದ ಪತ್ರ

ಶಾಲೆಗೆ ಯಾವತ್ತು ರಜೆ ಅಂತ ತೀರ್ಮಾನಿಸುವವರಿಗೆ, ಆಫೀಸಿನಲ್ಲಿ ರಜೆ ಅರ್ಜಿಗೆ ಸಹಿ ಹಾಕುವವರಿಗೆ, ಈ ಎರಡರ ನಡುವೆ ಸಿಕ್ಕಿಹಾಕಿಕೊಂಡಿರುವ ಎಲ್ಲ ಮನೆಯವರಿಗೂ,

ನಮಸ್ಕಾರ.

ಇವತ್ತು ತಾರೀಖು 31, ಬುಧವಾರ. ರಾತ್ರಿ ಹನ್ನೊಂದು ದಾಟಿ ಇಪ್ಪತ್ತು ನಿಮಿಷ ಆಗಿದೆ. ಮಕ್ಕಳಿಬ್ಬರೂ ಮಲಗಿದ್ದಾರೆ. ನಾಳೆಯ ಯೂನಿಫಾರ್ಮ್ ಕುರ್ಚಿಯ ಮೇಲಿದೆ, ನೀರಿನ ಬಾಟಲಿಗಳನ್ನು ತೊಳೆದು ಬೋರಲು ಹಾಕಿದ್ದೇನೆ. ತಿಂಗಳ ಕೊನೆಯ ರಾತ್ರಿ ಕೂತು ಲೆಕ್ಕ ನೋಡುವುದು ನನ್ನ ಹಳೇ ಅಭ್ಯಾಸ. ದುಡ್ಡಿನ ಲೆಕ್ಕ ಅಲ್ಲ, ಅದನ್ನು ನಮ್ಮವರು ನೋಡಿಕೊಳ್ಳುತ್ತಾರೆ. ನನ್ನದು ದಿನಗಳ ಲೆಕ್ಕ.

ಅದಕ್ಕೊಂದು ಪುಸ್ತಕ ಇದೆ. ದೊಡ್ಡವಳ ಹಳೇ ಗಣಿತದ ನೋಟ್‌ಬುಕ್. ಮುಂದಿನಿಂದ ತೆರೆದರೆ ಅವಳ ಭಾಗಾಕಾರ, ಹಿಂದಿನಿಂದ ತೆರೆದರೆ ನನ್ನ ಗುರಿಗಳು. ಗುರಿ ಅಂದರೆ ಬೆಟ್ಟ ಹತ್ತುವುದೇನಲ್ಲ. ಮೂರೇ ಮೂರು. ದಿನಾ ಅರ್ಧ ಗಂಟೆ ನಡೆಯಬೇಕು. ತಿಂಗಳಿಗೆ ಒಂದು ಪುಸ್ತಕ ಓದಿ ಮುಗಿಸಬೇಕು. ರಾತ್ರಿ ಹನ್ನೊಂದರ ಒಳಗೆ ಮಲಗಬೇಕು. ಮಾಡಿದ ದಿನ ಒಂದು ಟಿಕ್, ಮಾಡದ ದಿನ ಖಾಲಿ.

ಮಲಗುವ ಗುರಿಯ ಬಗ್ಗೆ ಕೇಳಲೇಬೇಡಿ. ಈಗಿನ ಹೊತ್ತು ಮೇಲೆ ಬರೆದಿದ್ದೇನಲ್ಲ. ಓದುವ ಪುಸ್ತಕ 112ನೇ ಪುಟದಲ್ಲಿ ನಿಂತಿದೆ, ಗುರುತಿಗೆ ಚಿಕ್ಕವನ ಜ್ವರದ ಔಷಧಿಯ ಚೀಟಿ ಇಟ್ಟಿದ್ದೇನೆ. ನಡಿಗೆ ಮಾತ್ರ ಪರವಾಗಿಲ್ಲ ಅಂದುಕೊಂಡಿದ್ದೆ. ಎಣಿಸಿದೆ. 31 ದಿನದಲ್ಲಿ 15 ಟಿಕ್. ಅರ್ಧಕ್ಕೆ ಅರ್ಧ, ಕೆಟ್ಟದ್ದಲ್ಲ, ಅಲ್ವಾ?

ಆಮೇಲೆ ಸುಮ್ನೆ ಕೂತಿದ್ದಾಗ ಒಂದು ಕೆಲಸ ಮಾಡಿದೆ. ಗೋಡೆಯ ಕ್ಯಾಲೆಂಡರ್ ಬಿಚ್ಚಿ ತಂದು ನೋಟ್‌ಬುಕ್ಕಿನ ಪಕ್ಕ ಇಟ್ಟೆ. ಈ ತಿಂಗಳು ಶಾಲೆಗೆ ರಜೆ ಇದ್ದಿದ್ದು ಒಟ್ಟು 13 ದಿನ. 13ರಿಂದ 22ರವರೆಗೆ ಹತ್ತು ದಿನದ ಮಧ್ಯಂತರ ರಜೆ, ಅದರ ಹೊರಗೆ ಎರಡು ಭಾನುವಾರ, ಮತ್ತೆ 4ನೇ ತಾರೀಖು ದಿಢೀರ್ ಅಂತ ಬಂದ ಒಂದು ರಜೆ. ಉಳಿದ 18 ದಿನ ಶಾಲೆ ಇತ್ತು. ನನ್ನ 15 ಟಿಕ್‌ಗಳಲ್ಲಿ 14 ಬಿದ್ದಿದ್ದು ಶಾಲೆ ಇದ್ದ ದಿನಗಳಲ್ಲಿ. ರಜೆ ದಿನಗಳಲ್ಲಿ ಬಿದ್ದಿದ್ದು ಒಂದೇ ಒಂದು.

ಎರಡು ಸಲ ಎಣಿಸಿದೆ. ಇಷ್ಟು ವರ್ಷ ನನ್ನ ಸೋಮಾರಿತನ ಅಂತ ನನ್ನನ್ನೇ ಬೈದುಕೊಂಡಿದ್ದೆ. ಕ್ಯಾಲೆಂಡರಿನಲ್ಲಿ ಕೆಂಪಗೆ ಇರುವ ದಿನ ನನ್ನ ಪುಸ್ತಕದಲ್ಲಿ ಖಾಲಿ. ಕಪ್ಪಗೆ ಇರುವ ದಿನ ನನಗೆ ಅರ್ಧ ಗಂಟೆ ಸಿಗುತ್ತದೆ. ಅಂದರೆ ನೀವು ರಜೆ ಅಂತ ಅಚ್ಚು ಹಾಕಿಸುವ ದಿನ ನನಗೆ ಕೆಲಸದ ದಿನ. ಕೆಲಸದ ದಿನಗಳಲ್ಲೇ ನನಗೆ ಒಂದಿಷ್ಟು ರಜೆ.

ಇದನ್ನು ನಿಮಗೆ ಹೇಳಬೇಕು ಅನ್ನಿಸಿತು. ಪಟ್ಟಿ ಮಾಡುವಾಗ ನಿಮ್ಮ ಮೇಜಿನ ಮೇಲೆ ಕ್ಯಾಲೆಂಡರ್ ಇರುತ್ತದೆ, ನನ್ನ ನೋಟ್‌ಬುಕ್ ಇರುವುದಿಲ್ಲ.

4ನೇ ತಾರೀಖಿನಿಂದ ಶುರು ಮಾಡುತ್ತೇನೆ. 3ರ ರಾತ್ರಿ ಒಂಬತ್ತೂವರೆಗೆ ಮೊಬೈಲ್ ಕುಂಯ್ ಅಂತು. "ನಾಳೆ ಶಾಲೆಗೆ ರಜೆ." ಅಷ್ಟೇ ಸಂದೇಶ. ಮಕ್ಕಳು ಮಂಚದ ಮೇಲೆ ಕುಣಿದರು. ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ನೋಟದಲ್ಲಿ ಒಂದು ಪ್ರಶ್ನೆ ಇರುತ್ತದೆ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾಳೆ ಮನೇಲಿ ಯಾರು? ಎರಡು ಸೆಕೆಂಡ್ ಆಗಿರಬೇಕು, ಅವರು "ನಾಳೆ ನಂಗೆ ಮೀಟಿಂಗ್ ಇದೆ ಕಣೇ" ಅಂದರು. ನನಗೂ ಇತ್ತು. ಆದರೆ ಈ ಆಟದಲ್ಲಿ ಮೊದಲು ಹೇಳಿದವರದ್ದು ಮೀಟಿಂಗ್, ಎರಡನೆಯವರದ್ದು ಬರೀ ನೆಪ.

ಕೆಲವು ರಜೆ ಹೇಳಿ ಕೇಳಿ ಬರುವುದಿಲ್ಲ, ಒಪ್ಪುತ್ತೇನೆ. ಜೋರು ಮಳೆ ಹಿಡಿದರೆ ಮಕ್ಕಳು ಮನೆಯಲ್ಲಿರುವುದೇ ಸರಿ. ಆದರೆ ಅವತ್ತು ಮಳೆ ಇರಲಿಲ್ಲ. ಶಿಕ್ಷಕರಿಗೆ ಯಾವುದೋ ತರಬೇತಿ. ಅದರ ದಿನಾಂಕ ಒಂದು ತಿಂಗಳ ಹಿಂದೆಯೇ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಗೊತ್ತಿದ್ದವರು ಒಂದು ತಿಂಗಳು ಸುಮ್ಮನಿದ್ದು, ಹನ್ನೊಂದು ಗಂಟೆ ಮೊದಲು ಹೇಳಿದರು. ನನ್ನ ಮೊದಲ ಕೋರಿಕೆ ಇಷ್ಟೇ. ನಿಮಗೆ ಗೊತ್ತಾದ ದಿನವೇ ನಮಗೂ ತಿಳಿಸಿ. ಇದಕ್ಕೆ ಖರ್ಚಿಲ್ಲ.

ಹತ್ತು ದಿನದ ರಜೆಗೆ ಬರೋಣ. ನಮ್ಮಿಬ್ಬರ ಆಫೀಸಿಗೂ ಶನಿವಾರ, ಭಾನುವಾರ ರಜೆ. ಆ ಹತ್ತು ದಿನದಲ್ಲಿ ಆಫೀಸು ಇದ್ದಿದ್ದು ಆರು ದಿನ. ನಮ್ಮವರು ಪ್ರವಾಸಕ್ಕೆ ಅಂತ ಮೂರು ದಿನ ರಜೆ ಹಾಕಿದರು. ನಾನು ಆ ಮೂರು, ಮತ್ತೆರಡು. ಉಳಿದ ಒಂದು ದಿನ ಪಕ್ಕದ ಮನೆಯವರು ನೋಡಿಕೊಂಡರು, ಅವರ ಋಣ ಬೇರೆ ಇದೆ. 4ನೇ ತಾರೀಖಿನದ್ದೂ ಸೇರಿಸಿದರೆ ಒಂದೇ ತಿಂಗಳಲ್ಲಿ ನನ್ನ ಆರು ರಜೆ ಹೋಯಿತು. ದೊಡ್ಡ ರಜೆ ಇನ್ನೂ ಬಂದೇ ಇಲ್ಲ.

ಇದು ಎಲ್ಲಿ ಹೋದರೂ ಕೂಡದ ಲೆಕ್ಕ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1970ರಲ್ಲಿ ಒಂದು ಒಪ್ಪಂದ ಮಾಡಿತು. ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ ಮೂರು ವಾರ ಸಂಬಳದ ರಜೆ ಕೊಡಬೇಕು ಅಂತ. ಮೂರು ವಾರ ಅಂದರೆ ಒಂದು ದೊಡ್ಡ ರಜೆಗೂ ಸಾಕಾಗಲ್ಲ, ವರ್ಷದ ಶಾಲೆ ರಜೆಯ ಮಾತು ಬಿಡಿ. ಶಾಲೆಯ ಪಟ್ಟಿ ಮಾಡುವವರು ಒಂದು ಕೋಣೆಯಲ್ಲಿ ಕೂರುತ್ತಾರೆ, ಆಫೀಸಿನ ಪಟ್ಟಿ ಮಾಡುವವರು ಇನ್ನೊಂದು ಕೋಣೆಯಲ್ಲಿ. ಎರಡೂ ಪಟ್ಟಿ ಸೇರುವ ಜಾಗ ಅಡುಗೆಮನೆ. ಅಲ್ಲಿ ಒಬ್ಬಳು ನಿಂತಿರುತ್ತಾಳೆ.

ರಜೆ ಅರ್ಜಿಯಲ್ಲಿ "ಕಾರಣ" ಅಂತ ಒಂದು ಕಾಲಂ ಇರುತ್ತದಲ್ಲ, ಅದರ ಕಥೆ ಕೇಳಿ. ನಾನು "ಮಕ್ಕಳಿಗೆ ರಜೆ" ಅಂತ ಬರೆದೆ. ಮೇಲಿನವರು ನಕ್ಕು, "ಮತ್ತೆ ಮಕ್ಕಳಾ?" ಅಂದರು. ನಮ್ಮವರೂ ಅವರ ಆಫೀಸಿನಲ್ಲಿ ಅದನ್ನೇ ಬರೆದರು. ಅಲ್ಲಿ ಕೇಳಿದ್ದು, "ಯಾಕೆ, ಮನೆಯವರು ಊರಲ್ಲಿಲ್ವಾ?" ಅವೇ ಎರಡು ಪದ, ಎರಡು ಆಫೀಸು. ನಮ್ಮವರು ಮನೆಗೆ ಬಂದು ಇದನ್ನು ಹೇಳುವಾಗ ನಗುತ್ತಿದ್ದರು. ಅರ್ಧಕ್ಕೆ ನಗು ನಿಲ್ಲಿಸಿದರು, ನನ್ನ ಮುಖ ನೋಡಿ ಇರಬೇಕು.

ಪ್ರವಾಸ ಚೆನ್ನಾಗಿತ್ತು. ಸುಳ್ಳು ಹೇಳಲ್ಲ. ನಾಲ್ಕು ಜನರ ಬಟ್ಟೆ, ಮಾತ್ರೆ, ಚಾರ್ಜರ್, ವಾಂತಿ ಬಂದರೆ ಇರಲಿ ಅಂತ ಕವರು, ಎಲ್ಲ ನೆನಪಿಟ್ಟು ತುಂಬಿದವಳು ನನ್ನ ಬಾಚಣಿಗೆಯನ್ನೇ ಮರೆತೆ. ಮೂರು ದಿನ ಮಗಳ ಗುಲಾಬಿ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡೆ. ವಾಪಸ್ ಬಂದಮೇಲೆ ಬಟ್ಟೆ ಒಗೆದು ಮುಗಿಯಲು ನಾಲ್ಕು ದಿನ ಬೇಕಾಯಿತು. ಪ್ರವಾಸಕ್ಕಿಂತ ಒಂದು ದಿನ ಜಾಸ್ತಿ.

ಹಾಗಂತ ಮಕ್ಕಳಿಗೆ ರಜೆ ಕಡಿಮೆ ಮಾಡಿ ಅಂತ ಈ ಪತ್ರ ಬರೆಯುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. 20ನೇ ತಾರೀಖು ಮಧ್ಯಾಹ್ನ ಚಿಕ್ಕವನು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಇರುವೆ ತನಗಿಂತ ದೊಡ್ಡ ರೆಕ್ಕೆಯೊಂದನ್ನು ಎಳೆದುಕೊಂಡು ಹೋಗುತ್ತಿತ್ತು. ಮೆಟ್ಟಿಲ ಅಂಚಿಗೆ ಬಂದಾಗಲೆಲ್ಲ ರೆಕ್ಕೆ ಜಾರಿ ಬೀಳುತ್ತಿತ್ತು, ಇರುವೆ ಮತ್ತೆ ಕೆಳಗಿಳಿದು ಹಿಡಿಯುತ್ತಿತ್ತು. ಅವನು ಮುಟ್ಟಲಿಲ್ಲ, ಸಹಾಯ ಮಾಡಲಿಲ್ಲ, ಬರೀ ನೋಡಿದ. ನಲವತ್ತು ನಿಮಿಷ. ಶಾಲೆ ಇರುವ ದಿನ ಶೂ ಹಾಕಿಕೊಳ್ಳಲು ನಾಲ್ಕು ನಿಮಿಷ ಒಂದು ಕಡೆ ಕೂರದ ಹುಡುಗ. ಕೊನೆಗೆ ಒಳಗೆ ಬಂದು, "ಅಮ್ಮ, ಅದು ಮನೆಗೆ ಹೋಯ್ತು" ಅಂದ. ಇಂಥದ್ದಕ್ಕೆ ರಜೆ ಬೇಕು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, 31ನೇ ವಿಧಿಯಲ್ಲಿ, ವಿಶ್ರಾಂತಿ, ಬಿಡುವು, ಆಟ ಮಗುವಿನ ಹಕ್ಕು ಅಂತಲೇ ಬರೆದಿದೆ.

ಹಾಗಾದರೆ ಆ ಹಕ್ಕಿನ ಮೇಲೆ ಪ್ರಾಜೆಕ್ಟ್ ಹೇರುವವರು ಯಾರು?

ನಿಮ್ಮ ಹತ್ತಿರ ನಿಜವಾಗಿ ಜಗಳ ಆಡಬೇಕಾಗಿರುವುದು ಈ ವಿಷಯಕ್ಕೆ. ಹತ್ತು ದಿನದ ರಜೆಗೆ ದೊಡ್ಡವಳಿಗೆ ಕೊಟ್ಟಿದ್ದು ಐದು ಪುಟ ಗಣಿತ, ಎರಡು ಚಾರ್ಟ್, ಒಂದು ಸೌರಮಂಡಲದ ಮಾದರಿ. ಅವಳಿಗೆ ಹತ್ತು ವರ್ಷ. ಥರ್ಮಾಕೋಲ್ ಕತ್ತರಿಸಲು ಬ್ಲೇಡ್ ಬೇಕು, ಬ್ಲೇಡ್ ಅವಳ ಕೈಗೆ ಕೊಡುವ ಹಾಗಿಲ್ಲ. ತಂತಿ ಬಗ್ಗಿಸಲು ಅವಳ ಬೆರಳಿಗೆ ಬಲ ಸಾಲದು. ಮಾದರಿ "ಮನೆಯಲ್ಲಿ ಸಿಗುವ ವಸ್ತುಗಳಿಂದ" ಮಾಡಬೇಕಂತೆ. ನಮ್ಮ ಮನೆಯಲ್ಲಿ ಶನಿಗ್ರಹದ ಉಂಗುರ ಸಿಗುವುದಿಲ್ಲ. ಹಳೇ ಸಿಡಿ ಒಂದು ಸಿಕ್ಕಿತು, ಅದನ್ನೇ ಕತ್ತರಿಸಿದೆ.

21ರ ರಾತ್ರಿ ಹತ್ತೂವರೆಗೆ ಅವಳು ಅಂಟಿನ ಕೈಯಲ್ಲೇ ಸೋಫಾ ಮೇಲೆ ನಿದ್ದೆ ಹೋದಳು. ನಾನು ಮುಂದುವರಿಸಿದೆ. ಒಂದೊಂದೇ ಉಂಡೆಗೆ ಬಣ್ಣ ಹಚ್ಚಿ, ಒಣಗಲು ಟೂತ್‌ಪಿಕ್ಕಿಗೆ ಚುಚ್ಚಿ ನಿಲ್ಲಿಸಿದೆ. ಮುಗಿದಾಗ ಒಂದು ಗಂಟೆ. ಬೆಳಿಗ್ಗೆ ಎದ್ದು ಅವಳು ಸುತ್ತಲೂ ತಿರುಗಿ ನೋಡಿದಳು, ಬೆರಳಲ್ಲಿ ಎಣಿಸಿದಳು.

"ಅಮ್ಮ, ಒಂಬತ್ತು ಇದೆ."

"ಹೂಂ, ಒಂಬತ್ತೇ ಅಲ್ವಾ?"

"ಎಂಟಮ್ಮಾ. ಪ್ಲೂಟೊ ಇಲ್ಲ."

ನಾನು ಶಾಲೆಗೆ ಹೋಗುವಾಗ ಗ್ರಹ ಒಂಬತ್ತಿದ್ದವು. 2006ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜ ಗ್ರಹ ಅಂತ ಮಾಡಿತು. ಅದನ್ನು ಎಲ್ಲೋ ಓದಿದ್ದೆ ಕೂಡ. ರಾತ್ರಿ ಒಂದು ಗಂಟೆಗೆ ನೆನಪಾಗಲಿಲ್ಲ. ಪ್ಲೂಟೊವನ್ನು ಕಿತ್ತೆವು, ಚಿಕ್ಕವನು ಅದನ್ನು ಜೇಬಿಗೆ ಹಾಕಿಕೊಂಡ. ತಂತಿಯ ತುದಿ ಹಾಗೇ ಖಾಲಿ ಉಳಿಯಿತು.

ಶಾಲೆಯಲ್ಲಿ ಮಾದರಿಗೆ ಸ್ಟಾರ್ ಸಿಕ್ಕಿತು. "ತುಂಬಾ ಚೆನ್ನಾಗಿ ಮಾಡಿದ್ದೀಯ" ಅಂತ ಟೀಚರ್ ಬರೆದಿದ್ದರು. ಮಗಳು ಅದನ್ನು ನನಗೆ ತೋರಿಸುವಾಗ ಖುಷಿಯಲ್ಲಿರಲಿಲ್ಲ. "ಇದು ನಿಂಗೆ ಅಮ್ಮ" ಅಂತ ಆ ಸ್ಟಾರ್ ಕಿತ್ತು ನನ್ನ ನೋಟ್‌ಬುಕ್ಕಿಗೆ ಅಂಟಿಸಿದಳು. ಈಗ ನನ್ನ ಎದುರೇ ಇದೆ, 22ನೇ ತಾರೀಖಿನ ಖಾಲಿ ಚೌಕದಲ್ಲಿ.

ಟೀಚರನ್ನು ದೂರುತ್ತಿಲ್ಲ. ಅವರೂ ಯಾರದ್ದೋ ಮನೆಯಲ್ಲಿ ಅಮ್ಮ ಇರಬಹುದು, ಅವರ ಮನೆಯಲ್ಲೂ ಇನ್ನೊಂದು ಶಾಲೆಯ ಪ್ರಾಜೆಕ್ಟ್ ನಡೆಯುತ್ತಿರಬಹುದು. ಆದರೆ ಇದರಿಂದ ಯಾರು ಏನು ಕಲಿತರು? ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಅಂತ ಒಬ್ಬರು, ತಮ್ಮ ಜೊತೆಗಾರರೊಂದಿಗೆ ಹೋಂವರ್ಕ್ ಬಗ್ಗೆ ಆಗಿದ್ದ ಬೇಕಾದಷ್ಟು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2006ರಲ್ಲಿ ಪ್ರಕಟಿಸಿದರು. ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ದೊಡ್ಡ ತರಗತಿಯ ಮಕ್ಕಳಲ್ಲಿ ಗಟ್ಟಿ, ಚಿಕ್ಕ ತರಗತಿಯವರಲ್ಲಿ ಸಡಿಲ ಅಂತ ಅವರಿಗೆ ಕಂಡಿತು. ಆ ಚಿಕ್ಕವರಿಗೇ ಥರ್ಮಾಕೋಲ್ ಕೆಲಸ ಜಾಸ್ತಿ ಬರುವುದು. ಕೊಡಲೇಬೇಕು ಅಂತಿದ್ದರೆ, ಮಗು ಯಾರ ಸಹಾಯವೂ ಇಲ್ಲದೆ ಮಾಡುವಂಥದ್ದು ಕೊಡಿ. "ಒಂದು ಇರುವೆಯನ್ನು ನೋಡಿ ಬಾ" ಅನ್ನಿ. ನಮ್ಮ ಮನೆಯಲ್ಲಿ ಅದು ಆಗಲೇ ಮುಗಿದಿದೆ.

ಇದು ನನ್ನೊಬ್ಬಳ ಅಳುಮೋರೆ ಅನ್ನಿಸಬಹುದು. 2018ರಲ್ಲಿ ಅದೇ ಕಾರ್ಮಿಕ ಸಂಘಟನೆ 64 ದೇಶಗಳ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಲೆಕ್ಕ ತೆಗೆದಿತ್ತು. ಅಡುಗೆ, ಒಗೆತ, ಮಕ್ಕಳು, ಮುದುಕರು, ಹೀಗೆ ಸಂಬಳ ಇಲ್ಲದ ಆರೈಕೆಯ ಕೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ, ಗಂಡಸರು 1 ಗಂಟೆ 23 ನಿಮಿಷ. ನಮ್ಮ ಮನೆಯಲ್ಲಿ ಶಾಲೆ ಇರುವ ದಿನದ ಲೆಕ್ಕ ಹೆಚ್ಚುಕಡಿಮೆ ಇದೇ. ರಜೆ ದಿನ ನನ್ನ ಕಾಲಂ ಮಾತ್ರ ಬೆಳೆಯುತ್ತದೆ.

ವಿಶ್ರಾಂತಿ, ಬಿಡುವು ಪ್ರತಿಯೊಬ್ಬರ ಹಕ್ಕು ಅಂತ 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ಹೇಳುತ್ತದೆ. ಎಲ್ಲರಿಗೂ ಅಂತ ಸ್ಪಷ್ಟವಾಗಿದೆ. ಸಂಬಳ ಬರುವ ಕೆಲಸಕ್ಕೆ ಅದನ್ನು ಲೆಕ್ಕ ಹಾಕುವವರು ಇದ್ದಾರೆ, ನೀವೇ ಇದ್ದೀರಿ. ಮನೆ ಕೆಲಸಕ್ಕೆ ರಜೆ ಅರ್ಜಿಯನ್ನು ಯಾರಿಗೆ ಕೊಡಬೇಕು?

ಐಸ್‌ಲ್ಯಾಂಡಿನ ಹೆಂಗಸರು ಯಾರಿಗೂ ಅರ್ಜಿ ಕೊಡಲಿಲ್ಲ. 1975ರ ಅಕ್ಟೋಬರ್ 24, ಶುಕ್ರವಾರ. ಆ ದೇಶದ ನೂರಕ್ಕೆ ತೊಂಬತ್ತರಷ್ಟು ಹೆಂಗಸರು ಆಫೀಸಿನ ಕೆಲಸ, ಮನೆ ಕೆಲಸ ಎರಡನ್ನೂ ಬಿಟ್ಟು ಹೊರಗೆ ಬಂದರು. ನನಗೆ ಇಷ್ಟವಾದದ್ದು ಅವರು ಅದಕ್ಕೆ ಇಟ್ಟ ಹೆಸರು. ಮುಷ್ಕರ ಅನ್ನಲಿಲ್ಲ, ಹೆಂಗಸರ ರಜಾದಿನ ಅಂದರು. ಶಾಲೆ, ಶಿಶುವಿಹಾರ ಎಷ್ಟೋ ಕಡೆ ಮುಚ್ಚಿದವು, ನಡೆಸುತ್ತಿದ್ದವರು ಹೆಂಗಸರೇ ಅಲ್ವಾ. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಆಫೀಸಿಗೆ ಹೋದರು. ಅವತ್ತು ಎಷ್ಟು ಜನ "ನಂಗೆ ಮೀಟಿಂಗ್ ಇದೆ ಕಣೇ" ಅಂದಿರಬಹುದು ಅಂತ ಯೋಚಿಸಿ ಒಬ್ಬಳೇ ನಕ್ಕೆ. ಮರುವರ್ಷ ಅಲ್ಲಿ ಸಮಾನತೆಯ ಕಾಯ್ದೆ ಬಂತು. 1980ರಲ್ಲಿ ವಿಗ್ಡಿಸ್ ಫಿನ್‌ಬೊಗಡಾಟಿರ್ ಅಧ್ಯಕ್ಷೆಯಾದರು. ಅವರೂ ಒಂಟಿಯಾಗಿ ಮಗಳನ್ನು ಸಾಕುತ್ತಿದ್ದ ತಾಯಿ.

ನನಗೆ ಅಷ್ಟು ದೊಡ್ಡದು ಬೇಡ. ರಜೆ ದಿನಗಳಲ್ಲಿ ಬಿದ್ದ ಆ ಒಂದು ಟಿಕ್ ಇದೆಯಲ್ಲ, ಅದರ ಬಗ್ಗೆ ಹೇಳಿ ಮುಗಿಸುತ್ತೇನೆ.

28ನೇ ತಾರೀಖು, ಭಾನುವಾರ. ಬೆಳಿಗ್ಗೆ ಏಳಕ್ಕೆ ನಮ್ಮವರು ಮಕ್ಕಳಿಬ್ಬರನ್ನೂ ಎಬ್ಬಿಸಿ ಪಾರ್ಕಿಗೆ ಕರೆದುಕೊಂಡು ಹೋದರು. ನಾನು ಕೇಳಿರಲಿಲ್ಲ. ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸಿತು. ದಿನಾ ಇರುವ ಸದ್ದೇ, ನನಗೆ ಕೇಳಿಸಿದ್ದು ಅವತ್ತು. ಒಂದು ನಿಮಿಷ ಏನು ಮಾಡಬೇಕು ಅಂತಲೇ ಹೊಳೆಯಲಿಲ್ಲ. ಅಭ್ಯಾಸದಿಂದ ಪಾತ್ರೆಗೆ ಕೈ ಹಾಕಿದೆ. ಆಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟೆ. ಅರ್ಧ ಗಂಟೆ ಅಂದುಕೊಂಡವಳು ಐವತ್ತು ನಿಮಿಷ ನಡೆದೆ. ವಾಪಸ್ ಬಂದಾಗ ಅವರು ಮೂವರೂ ಕೆಸರಾಗಿ ಬಾಗಿಲಲ್ಲಿ ನಿಂತಿದ್ದರು. ಕೀ ನನ್ನ ಹತ್ತಿರ ಇತ್ತು. ಇಪ್ಪತ್ತು ನಿಮಿಷದಿಂದ ಕಾಯುತ್ತಿದ್ದರಂತೆ. ಯಾರೂ ಬೈಯಲಿಲ್ಲ. ಚಿಕ್ಕವನಂತೂ, "ನೀನು ಕಳೆದುಹೋಗಿದ್ಯಾ?" ಅಂತ ಕೇಳಿದ.

ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರ್ಧ ಗಂಟೆಯಂತೆ ಐದು ದಿನ. ಒಂದು ಅಭ್ಯಾಸ ಕೂಡಿಬರಲು ಎಷ್ಟು ದಿನ ಬೇಕು ಅಂತ ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ತಂಡ ನೋಡಿದ್ದರು. 21 ದಿನ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಲ್ಲ. ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ಆಗುವ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಏನೂ ನಷ್ಟ ಇಲ್ಲ ಅಂತಲೂ ಅವರಿಗೆ ಕಂಡಿತು. ಒಂದು ದಿನ ಅಂದಿದ್ದಾರೆ. ಹತ್ತು ದಿನದ ರಜೆ ಇರುವ ಮನೆಯ ತಾಯಂದಿರನ್ನು ಕೇಳಿದ್ದರೋ ಇಲ್ಲವೋ.

ಹಾಗಾಗಿ ರಜೆ ಪಟ್ಟಿ ಮಾಡುವವರೇ, ಮುಂದಿನ ಸಲ ನೀವು ಒಂದು ದಿನಕ್ಕೆ ಕೆಂಪು ಬಣ್ಣ ಹಚ್ಚುವ ಮೊದಲು ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ, ಅವತ್ತು ಮನೆಯಲ್ಲಿ ಯಾರು? ಆಫೀಸಿನವರೇ, ಶಾಲೆಯ ರಜೆ ಪಟ್ಟಿಯನ್ನು ವರ್ಷದ ಶುರುವಿಗೇ ತರಿಸಿ ಇಟ್ಟುಕೊಳ್ಳಿ. ನಿಮ್ಮಲ್ಲಿರುವ ಅಪ್ಪಂದಿರು "ಮಕ್ಕಳಿಗೆ ರಜೆ" ಅಂತ ಬರೆದುಕೊಟ್ಟರೆ, ಮನೆಯವರು ಎಲ್ಲಿ ಅಂತ ಕೇಳದೆ ಸಹಿ ಹಾಕಿ.

ಹೊಸ ತಿಂಗಳ ಹಾಳೆಯನ್ನು ಈಗಷ್ಟೇ ಗೋಡೆಗೆ ಹಾಕಿದೆ. ನಮ್ಮವರು ಮಲಗುವ ಮೊದಲು ಇಲ್ಲಿ ಬಂದು ನನ್ನ ನೋಟ್‌ಬುಕ್, ಕ್ಯಾಲೆಂಡರ್ ಎರಡನ್ನೂ ಸ್ವಲ್ಪ ಹೊತ್ತು ನೋಡಿ ಹೋಗಿದ್ದರು. ಏನೂ ಮಾತಾಡಿರಲಿಲ್ಲ. ಈಗ ನೋಡಿದರೆ ಮುಂದಿನ ತಿಂಗಳ ಎರಡು ಭಾನುವಾರದ ಕೆಳಗೆ ಸಣ್ಣಗೆ "ನಾನು" ಅಂತ ಬರೆದಿದೆ. ಅವರದೇ ಅಕ್ಷರ. ಪೆನ್ಸಿಲ್ಲಿನಲ್ಲಿ.

ನಾನು ಅದರ ಮೇಲೆ ಪೆನ್ನಿನಲ್ಲಿ ತಿದ್ದಿದ್ದೇನೆ.

ಇಂತಿ,
ಇಬ್ಬರು ಮಕ್ಕಳ ತಾಯಿ